ಹತ್ತು ನಿಮಿಷದ ತಂಪು

ಜುಲೈ 9, ಭಾನುವಾರ

ಇವತ್ತು ಕಾರಿನ ಕೀಲಿಯನ್ನು ಬೇಳೆ ಡಬ್ಬಿಯೊಳಗೆ ಹೂತಿಟ್ಟಿದ್ದೇನೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮೇಲೆ ಗಂಡನಿಂದ ವಸ್ತು ಬಚ್ಚಿಡುವ ಕಾಲ ಬಂತಲ್ಲ ಅಂತ ಬೇಜಾರೂ ಆಯಿತು, ನಗುವೂ ಬಂತು. ಇವರು ಹುಟ್ಟಿದಾರಭ್ಯ ಅಡುಗೆಮನೆಯ ಡಬ್ಬಿಯ ಮುಚ್ಚಳ ತೆಗೆದವರಲ್ಲ. ಅದಕ್ಕಿಂತ ಭದ್ರವಾದ ಜಾಗ ಇಡೀ ಅಮ್ಮಾನ್ ಪಟ್ಟಣದಲ್ಲಿ ಸಿಗಲಿಕ್ಕಿಲ್ಲ.

ಬೆಳಿಗ್ಗೆ ನಾನು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಸದ್ದಿಲ್ಲದೆ ಕಾರು ತೆಗೆದುಕೊಂಡು ರೊಟ್ಟಿ ಅಂಗಡಿಗೆ ಹೋಗಿದ್ದಾರೆ. ಸದ್ದಿಲ್ಲದೆ ಅಂದರೆ ನಿಜಕ್ಕೂ ಸದ್ದಿಲ್ಲದೆ. ಹೈಬ್ರಿಡ್ ಕಾರು, ಹೊರಡುವಾಗ ಬ್ಯಾಟರಿಯ ಮೇಲೇ ಹೊರಡುತ್ತದೆ, ಬೆಕ್ಕು ಎದ್ದು ಹೋದ ಹಾಗೆ. ಎರಡು ತಿಂಗಳ ಹಿಂದೆಯೇ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದ್ದರು: ಸಕ್ಕರೆ ಕಾಯಿಲೆ ಕಣ್ಣನ್ನು ತಿಂದಿದೆ, ಇನ್ನು ಸ್ಟಿಯರಿಂಗ್ ಮುಟ್ಟಬಾರದು. ಮೂವತ್ತು ವರ್ಷ ಪ್ರವಾಸಿಗಳ ಬಸ್ಸು ಓಡಿಸಿದವರಿಗೆ ಅದು ಕಿವಿಗೆ ಹೋದರೆ ತಾನೇ. ಅಂಗಡಿ ಮುಂದಿನ ಕಸದ ತೊಟ್ಟಿಗೆ ಗುದ್ದಿದ್ದಾರೆ. ತೊಟ್ಟಿಯ ಆಚೆ ಬದಿಗೆ ಒಬ್ಬಳು ಹೆಂಗಸು ಮಗು ಎತ್ತಿಕೊಂಡು ನಿಂತಿದ್ದಳಂತೆ. ಇದನ್ನು ಹೇಳಿದ್ದು ಇವರಲ್ಲ, ಪಕ್ಕದ ಮನೆಯ ವಿದಾದ್.

"ಆ ತೊಟ್ಟಿ ಮೊದಲು ಅಲ್ಲಿರಲಿಲ್ಲ ಕಣೇ," ಅಂದರು ಇವರು.

"ಇಪ್ಪತ್ತು ವರ್ಷದಿಂದ ಅಲ್ಲೇ ಇದೆ," ಅಂದೆ.

ರೊಟ್ಟಿ ಮಾತ್ರ ಬಿಸಿಯಾಗಿಯೇ ತಂದಿದ್ದರು.

ಕಾರು ಮಾರಿಬಿಡಬೇಕು. ಅದು ಮನೆ ಮುಂದೆ ಇರುವಷ್ಟು ದಿನ ಇವರ ಕೈ ಸುಮ್ಮನಿರುವುದಿಲ್ಲ, ನನಗೆ ಊಟ ಸೇರುವುದಿಲ್ಲ. ಕಾಗದಪತ್ರ ಹೇಗೂ ನನ್ನ ಹೆಸರಿನಲ್ಲಿದೆ. ಹನ್ನೆರಡು ವರ್ಷದ ಹಿಂದೆ ಸರ್ಕಾರಿ ಶಾಲೆಯ ಲೆಕ್ಕದ ಟೀಚರ್ ಅಂತ ಬ್ಯಾಂಕಿನವರು ಸಾಲ ಕೊಟ್ಟಿದ್ದು ನನಗೇ. ಇಷ್ಟು ವರ್ಷ ಯಜಮಾನಿ ನಾನು, ಕೂತಿದ್ದು ಮಾತ್ರ ಪಕ್ಕದ ಸೀಟಿನಲ್ಲಿ.

ಜುಲೈ 11, ಮಂಗಳವಾರ

ಮಗ ಶಿಹಾಬ್ ಅಕಬಾ ಬಂದರಿನಲ್ಲಿ ಕೆಲಸದ ನಡುವೆಯೇ ಫೋನಿನಲ್ಲಿ ಜಾಹೀರಾತು ಹಾಕಿದ. "ಎ.ಸಿ. ಮಂಜಿನ ಹಾಗೆ" ಅಂತ ಬರೆದಿದ್ದ. ಕರೆ ಮಾಡಿ ಓದಿ ಹೇಳಿದ ತಕ್ಷಣ ಇವರು ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಮಂಜಂತೆ. ಹತ್ತು ನಿಮಿಷ ತಂಪು, ಹನ್ನೊಂದನೇ ನಿಮಿಷಕ್ಕೆ ಒಲೆ ಮುಂದೆ ಕೂತ ಹಾಗಾಗತ್ತೆ. ಅದನ್ನೇ ಬರಿ."

"ಹಾಗೆ ಬರೆದ್ರೆ ಯಾರು ಫೋನ್ ಮಾಡ್ತಾರಪ್ಪಾ?"

"ಮಾಡೋರು ಮಾಡ್ತಾರೆ. ಕುಂದು ಮುಚ್ಚಿಟ್ಟು ಈ ಮನೆಯಿಂದ ಏನೂ ಹೊರಗೆ ಹೋಗಲ್ಲ."

ಈಗ ಜಾಹೀರಾತಿನಲ್ಲಿ "ಎ.ಸಿ. ಹತ್ತು ನಿಮಿಷ" ಅಂತ ಇದೆ. ಇಂಥ ಜಾಹೀರಾತನ್ನು ನಾನಂತೂ ಕಂಡಿಲ್ಲ. ಕೊಳ್ಳುವವರಿಗೆ ತಪಾಸಣೆ ಕಾಗದ ತೋರಿಸಬೇಕು, ಅದಕ್ಕೆ ಕಾರನ್ನು ಗ್ಯಾರೇಜುಗಳ ಬಡಾವಣೆಯಾದ ಬಯಾದಿರ್‌ಗೆ ಒಯ್ಯಬೇಕು. ಯಾರು ಒಯ್ಯುವುದು ಅಂತ ಕೇಳಿದರೆ ಶಿಹಾಬ್ ನಕ್ಕ. "ಅಮ್ಮಾ, ನಿನ್ನ ಹತ್ರ ಲೈಸೆನ್ಸ್ ಇದೆಯಲ್ಲ."

ಇದೆ. ಇಪ್ಪತ್ತೈದು ವರ್ಷದ ಹಿಂದೆ ಶಾಲೆಯ ಗೆಳತಿಯರ ಜೊತೆ ಹಟಕ್ಕೆ ಬಿದ್ದು ಮಾಡಿಸಿದ್ದು. ಎರಡು ಸಲ ನವೀಕರಿಸಿದ್ದೇನೆ, ಒಂದು ಸಲವೂ ಬಳಸಿಲ್ಲ.

ಜುಲೈ 15, ಶನಿವಾರ

ಇವತ್ತು ಕಾರು ನಾನೇ ಓಡಿಸಿದೆ. ಮನೆಯಿಂದ ಬಯಾದಿರ್‌ಗೆ ಅರ್ಧ ಗಂಟೆಯ ದಾರಿ, ನಾನು ಎರಡು ಗಂಟೆ ತೆಗೆದುಕೊಂಡೆ. ವೃತ್ತ ಬಂದಲ್ಲೆಲ್ಲ ಎರಡೆರಡು ಸುತ್ತು ಹಾಕಿದೆ, ಹೊರಗೆ ಬರಲು ಯಾರೂ ದಾರಿ ಬಿಡಲೊಲ್ಲರು. ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು. ಇವರು ಪಕ್ಕದಲ್ಲಿ ಕೂತು ಒಂದೇ ಸಮನೆ ಪಾಠ.

"ಬಲಗಡೆಯಿಂದ ಟ್ಯಾಕ್ಸಿ ಬರ್ತಿದೆ, ನಿಧಾನ."

"ನಿಮಗೆ ಕಾಣ್ತಿದೆಯಾ?"

"ಕೇಳ್ತಿದೆ. ನೀನೂ ಕಿವಿ ಕೊಡು."

ಎ.ಸಿ. ಹತ್ತು ನಿಮಿಷಕ್ಕೆ ಸರಿಯಾಗಿ ಕೈಕೊಟ್ಟಿತು. ಶಿರವಸ್ತ್ರ ಬೆವರಿಗೆ ಒದ್ದೆಯಾಗಿ ಕತ್ತಿಗೆ ಅಂಟಿತು. ಇನ್ನೆಂದೂ ಈ ಸೀಟಿನಲ್ಲಿ ಕೂರುವುದಿಲ್ಲ ಅಂತ ಅಲ್ಲೇ ಆಣೆ ಮಾಡಿದೆ.

ತಪಾಸಣೆಯವರು ಕಾರನ್ನು ಮೇಲೆತ್ತಿ ಅಡಿಯ ನಾಲ್ಕು ಮೂಲೆಯನ್ನೂ ತಟ್ಟಿ ನೋಡಿ ಚೀಟಿ ಕೊಟ್ಟರು: ಮೂರು ಮೂಲೆ "ಒಳ್ಳೆಯದು", ಮುಂದಿನ ಬಲಗಡೆ "ಪೆಟ್ಟು". ಕಸದ ತೊಟ್ಟಿಯ ಕೃಪೆ. ಎದುರಿನ ಮೆಕ್ಯಾನಿಕ್ ಸರ್ಕಿಸ್ ಹನ್ನೆರಡು ವರ್ಷದಿಂದ ಈ ಕಾರಿನ ವೈದ್ಯ. ನನ್ನನ್ನು ಕರೆಯುವುದು ಉಮ್ಮು ಶಿಹಾಬ್, ಶಿಹಾಬನ ತಾಯಿ ಅಂತ. ಎ.ಸಿ. ನೋಡಿ ತಲೆಯಾಡಿಸಿದ.

"ಕಂಪ್ರೆಸರ್ ಹೋಗಿದೆ ಉಮ್ಮು ಶಿಹಾಬ್. ಹೊಸದು ಹಾಕೋ ದುಡ್ಡಿಗೆ ಅರ್ಧ ಕಾರು ಬರತ್ತೆ, ಬೇಡ. ಆದ್ರೆ ಒಂದು ಮಾತು. ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗಿದೆ, ಕಾರಿನ ಒಳಗಿನ ಗಾಳಿಯಿಂದಾನೇ ತಣ್ಣಗಾಗೋದು. ಕಿಟಕಿ ತೆಗೆದೇ ಓಡ್ಸಿ. ಹಿಂದುಗಡೆ ಫ್ಯಾನು ಗುಂಯ್ ಅನ್ನತ್ತೆ, ಹೆದರಬೇಡಿ. ಮಾರೋವರೆಗೂ ನಿಲ್ಲಿಸಿ ಮಾತ್ರ ಇಡಬೇಡಿ, ದಿನಾ ಅರ್ಧ ಗಂಟೆಯಾದ್ರೂ ಓಡಿಸ್ಬೇಕು. ಇಲ್ಲಾಂದ್ರೆ ಬ್ಯಾಟರಿ ಸತ್ತು ಹೋಗತ್ತೆ, ಆಮೇಲೆ ಗುಜರಿಯೋರೂ ಮುಟ್ಟಲ್ಲ."

ಆಣೆ ಒಂದು ಗಂಟೆಯೂ ಉಳಿಯಲಿಲ್ಲ.

ಸಂಜೆ ಚಹಾ ಕೊಟ್ಟಾಗ ಇವರು ಚೀಟಿಯನ್ನು ಬೆರಳಿನಿಂದ ಸವರುತ್ತಾ, "ನನ್ನನ್ನೂ ಮೇಲೆತ್ತಿ ನೋಡಿಸೇ. ಹಿಂದಿನ ಎರಡು ಮೂಲೆ ಒಳ್ಳೆಯದು, ಮುಂದಿನ ಎರಡೂ ಪೆಟ್ಟು," ಅಂತ ಕಣ್ಣು ತೋರಿಸಿಕೊಂಡು ನಕ್ಕರು. ಎರಡು ತಿಂಗಳಲ್ಲಿ ಇವರ ಬಾಯಿಂದ ಬಂದ ಮೊದಲನೆಯ ತಮಾಷೆ. ನನಗೆ ನಗಲು ಆಗಲಿಲ್ಲ, ಒಳಗೆ ಹೋಗಿ ಪಾತ್ರೆ ತೊಳೆದೆ.

ಜುಲೈ 19, ಬುಧವಾರ

ಅರ್ಧ ಗಂಟೆ. ಬ್ಯಾಟರಿಗೋಸ್ಕರ. ಬೆವರೋ ಬೆವರು.

ಜುಲೈ 23, ಭಾನುವಾರ

ಇವತ್ತು ನೋಡಲು ಬಂದವರು ಮದುವೆ ಗೊತ್ತಾದ ಹುಡುಗ ಹುಡುಗಿ. ಹುಡುಗ ಓಡಿಸಿದ, ಹುಡುಗಿ ಪಕ್ಕದಲ್ಲಿ, ನಾವಿಬ್ಬರೂ ಹಿಂದೆ. ಇವರು ಕೈಗಡಿಯಾರ ಕಿವಿಗೆ ಹಿಡಿದು ಕೂತಿದ್ದರು. "ಈಗ ನೋಡಮ್ಮ, ಹೋಗತ್ತೆ," ಅನ್ನುವುದಕ್ಕೂ ತಂಪು ಹೋಗುವುದಕ್ಕೂ ಸರಿಹೋಯಿತು. ಹುಡುಗಿ ಕಣ್ಣಿಗೆ ತೀಡಿದ್ದ ಕಾಡಿಗೆ ಇಳಿಯತೊಡಗಿತು. ಹುಡುಗನ ಮುಖ ನೋಡಿದಳು, ಅಷ್ಟೇ. ಅವರು ಮತ್ತೆ ಫೋನ್ ಮಾಡುವುದಿಲ್ಲ.

"ಹೀಗೆ ನೀವೇ ಗಂಟೆ ಬಾರಿಸಿ ತೋರಿಸಿದ್ರೆ ಯಾರು ತಗೋತಾರೆ?" ಅಂತ ರೇಗಿದೆ. ಇವರು ಕಾರಿನ, ಅಂದರೆ ತಮ್ಮ ಶಹ್ಬಾಳ, ಮೂತಿಯ ಮೇಲೆ ಕೈಯಿಟ್ಟು ನಿಂತಿದ್ದರು. ಬೂದು ಬಣ್ಣದ ಕಾರಿಗೆ ಬೂದು ಕುದುರೆಗೆ ಇಡುವ ಹೆಸರಿಟ್ಟಿದ್ದಾರೆ, ಕೊಂಡ ದಿನವೇ. ಮನೆಯೊಳಗೆ ಇವರು ದಿನವಿಡೀ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ಅರ್ಧ ಗಂಟೆಯ ಸುತ್ತಾಟಕ್ಕೆ ಮಾತ್ರ ನಾನು ಕರೆಯುವ ಮೊದಲೇ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ಆಗಸ್ಟ್ 4, ಶುಕ್ರವಾರ

ಕಾರು ಮಾರಾಟವಾಯಿತು. ಹೇಗೆ ಅಂತ ಬರೆದರೆ ನನಗೇ ನಂಬಿಕೆ ಬರುವುದಿಲ್ಲ.

ಮಾದಬಾದಿಂದ ಅಬೂ ಫವ್ವಾಜ್ ಅನ್ನುವವರು ಇಬ್ಬರು ತಮ್ಮಂದಿರ ಜೊತೆ ಬಂದಿದ್ದರು. ನಿವೃತ್ತ ಸೈನಿಕರು, ಮೀಸೆ ದೊಡ್ಡದು. ಕಾರು ಓಡಿಸಿದರು, ಹತ್ತು ನಿಮಿಷ ತಂಪು ಬಂತು, ಹೋಯಿತು, ಒಂದು ಮಾತೂ ಅನ್ನಲಿಲ್ಲ. ಒಳಗೆ ಬಂದು ಕೂತರು. ನಾನು ಏಲಕ್ಕಿ ಕಾಫಿ ತಂದೆ. ಅಬೂ ಫವ್ವಾಜ್ ಬಟ್ಟಲು ತೆಗೆದುಕೊಂಡು, ತುಟಿಗೂ ಸೋಕಿಸದೆ, ಮುಂದೆ ನೆಲದ ಮೇಲೆ ಇಟ್ಟುಬಿಟ್ಟರು.

ಹೆಣ್ಣು ಕೇಳಲು ಬಂದವರು ಹೀಗೆ ಇಡುತ್ತಾರೆ. ಎರಡು ಕುಲಗಳ ನಡುವೆ ಕೊಲೆಯಾದಾಗ ರಾಜಿಗೆ ಬಂದವರು ಇಡುತ್ತಾರೆ. ಕೇಳಿದ್ದು ಕೊಡುತ್ತೇನೆ ಅನ್ನುವವರೆಗೂ ನಿನ್ನ ಕಾಫಿ ಕುಡಿಯುವುದಿಲ್ಲ ಅಂತ. ಎ.ಸಿ. ಕೆಟ್ಟ ಹಳೆ ಕಾರಿಗೆ ಯಾರಾದರೂ ಬಟ್ಟಲು ಇಡುತ್ತಾರಾ? ಏನು ಬೇಕು ಅಂತ ಮೊದಲು ಕೇಳಿ ಅಂತ ಬಾಗಿಲಿಂದ ಕಣ್ಸನ್ನೆ ಮಾಡಿದೆ. ಇವರಿಗೆ ಕಂಡರೆ ತಾನೇ.

ತಮ್ಮಂದಿರಲ್ಲೊಬ್ಬ, "ಅಣ್ಣ ಬಟ್ಟಲು ಇಟ್ಟಿದಾರೆ," ಅಂದ. ಇವರು ಬೆನ್ನು ನೆಟ್ಟಗೆ ಮಾಡಿಕೊಂಡು ಎದೆಯ ಮೇಲೆ ಕೈಯಿಟ್ಟರು. "ಕಾಫಿ ಕುಡೀರಿ ಅಬೂ ಫವ್ವಾಜ್. ನೀವು ಬಂದ ಕೆಲಸ ಆಯ್ತು ಅಂತ ತಿಳ್ಕೊಳ್ಳಿ."

ಇವರ ಅಪ್ಪನೂ ಹೀಗೇ ಅನ್ನುತ್ತಿದ್ದರು. ಏನು ಅಂತ ವಿಚಾರಿಸಿ ಆಮೇಲೆ ಕುಡಿ ಅನ್ನುವುದು ಇವರ ಮನೆತನದಲ್ಲಿ ಸಣ್ಣತನವಂತೆ. ಅಬೂ ಫವ್ವಾಜ್ ನಿಧಾನವಾಗಿ ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಕೇಳಿದರು. ಹೇಳಿದ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಇಳಿಸಬೇಕು, ಎ.ಸಿ. ಸಲುವಾಗಿ. ಅವರ ಹಣ ಕೈಗೆ ಬರುವುದು ತಿಂಗಳ ಕೊನೆಗೆ, ಅಲ್ಲಿಯವರೆಗೂ ಕಾರು ನಮ್ಮ ಹತ್ತಿರವೇ ಇರಲಿ.

ಅವರು ಹೋದ ಮೇಲೆ, "ಕಾರು ನನ್ನ ಹೆಸರಲ್ಲಿದೆ, ನೆನಪಿದೆಯಾ?" ಅಂದೆ.

"ಕಾರು ನಿನ್ನದು. ಬಟ್ಟಲು ಇಟ್ಟಿದ್ದು ನನ್ನ ಮುಂದೆ. ಮಾತು ಕೊಟ್ಟಾಯ್ತು."

ಬಾಯಿಗೆ ಬಂದಷ್ಟು ಅಂದೆ. ಆಮೇಲೆ ಯೋಚಿಸಿದರೆ, ಮಾರಬೇಕು ಅಂದವಳು ನಾನೇ ಅಲ್ಲವೇ. ಒಟ್ಟಿನಲ್ಲಿ ಪೀಡೆ ತೊಲಗಿತು. ಇನ್ನು ನಾಲ್ಕು ವಾರ ಬ್ಯಾಟರಿ ಸಾಯದ ಹಾಗೆ ನೋಡಿಕೊಂಡರೆ ಆಯಿತು.

ಆಗಸ್ಟ್ 12, ಶನಿವಾರ

ಅಜ್ಲೂನ್‌ಗೆ ಹೋಗಿ ಅಂಜೂರ ತಂದೆವು. ಊರೊಳಗೇ ಸುತ್ತಿದರೆ ಬ್ಯಾಟರಿಗೆ ಸಾಲದು, ಬೆಟ್ಟದ ದಾರಿ ಹತ್ತಿಳಿದರೆ ಒಳ್ಳೆಯದು ಅಂತ ನನಗೆ ಅನ್ನಿಸಿತು. ಸರ್ಕಿಸ್ ಹಾಗೆ ಹೇಳಿರಲಿಲ್ಲ, ಆದರೆ ಹೇಳಬಹುದಾದ ಮಾತೇ.

ಬೆಳಕು ಹರಿಯುತ್ತಲೇ ಹೊರಟೆವು. ಹತ್ತು ನಿಮಿಷ ಎ.ಸಿ., ಆಮೇಲೆ ನಾಲ್ಕೂ ಕಿಟಕಿ ತೆಗೆದೆ. ಇವರು ಕಣ್ಣು ಮುಚ್ಚಿಕೊಂಡೇ ದಾರಿ ಹೇಳಿದರು. ಇಲ್ಲಿ ಎಡಕ್ಕೆ ತಿರುವು, ಈಗ ಏರು, ಈಗ ಸೇತುವೆ. ಒಂದು ಕಡೆ, "ಇಲ್ಲಿ ಬಲಗಡೆ ಒಂದು ದೊಡ್ಡ ಓಕ್ ಮರ ಇರಬೇಕು. ಬಸ್ಸಿನೋರನ್ನೆಲ್ಲ ಅಲ್ಲೇ ಇಳಿಸಿ ಚಹಾ ಕೊಡಿಸ್ತಿದ್ದೆ. ಇದೆಯಾ?" ಅಂದರು. ಬುಡ ಮಾತ್ರ ಇತ್ತು, ಯಾರೋ ಕಡಿದಿದ್ದರು. "ಇದೆ," ಅಂದೆ. ಅಲ್ಲೇ ನಿಲ್ಲಿಸಿ ಫ್ಲಾಸ್ಕಿನ ಚಹಾ ಕುಡಿದೆವು. ಇವರು ನೆರಳು ಚೆನ್ನಾಗಿದೆ ಅಂದರು. ಕಾರಿನ ನೆರಳು ಅದು. ಇವರು ಹೀಗೆ ಹಾಯಾಗಿ ಕೂತಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

ಬರುವಾಗ ಇಳಿಜಾರಿನಲ್ಲಿ, "ಚೆನ್ನಾಗಿ ಹಾಡ್ತೀಯ," ಅಂದರು.

"ನಾನೆಲ್ಲಿ ಹಾಡಿದೆ? ಅದು ಬ್ಯಾಟರಿ ಫ್ಯಾನು," ಅಂದೆ. ಕಣ್ಣಾಯಿತು, ಈಗ ಕಿವಿಯನ್ನೂ ತೋರಿಸಬೇಕೇನೋ.

ಆಗಸ್ಟ್ 20, ಭಾನುವಾರ

ವಿದಾದಳ ಅತ್ತೆಗೆ ಬೆಳಿಗ್ಗೆ ಉಸಿರು ಕಟ್ಟಿತು, ವಿದಾದ್ ಬಾಗಿಲು ಬಡಿದಳು. ಚಪ್ಪಲಿ ಮೆಟ್ಟಿಕೊಂಡು, ಇಬ್ಬರನ್ನೂ ಕಾರಿಗೆ ಹತ್ತಿಸಿ ಹೊರಟೆ. ಅಡ್ಡ ಬಂದ ಟ್ಯಾಕ್ಸಿಯವನಿಗೆ ಕಿಟಕಿಯಿಂದ ತಲೆ ಹಾಕಿ ನಾಲ್ಕು ಮಾತು ಅಂದೆ, ಶಾಲೆಯಲ್ಲಿ ಕೊನೆ ಬೆಂಚಿನವರಿಗೆ ಅನ್ನುತ್ತಿದ್ದ ಮಾತುಗಳೇ. ದಾರಿ ಬಿಟ್ಟ. ಆಸ್ಪತ್ರೆ ಮುಂದೆ ಎರಡು ಕಾರುಗಳ ನಡುವೆ ಒಂದೇ ಸಲಕ್ಕೆ ಹಿಂದಕ್ಕೆ ಸೇರಿಸಿದೆ. ಅತ್ತೆ ಈಗ ಹುಷಾರಾಗಿದ್ದಾರೆ.

ಮನೆಗೆ ಬಂದ ಮೇಲೆಯೇ ಹೊಳೆದದ್ದು, ಇವರು ಪಕ್ಕದಲ್ಲಿರಲಿಲ್ಲ. ಆ ಪಾರ್ಕಿಂಗ್ ನೋಡಲು ಇದ್ದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 29, ಮಂಗಳವಾರ

ಅಬೂ ಫವ್ವಾಜ್ ಫೋನ್ ಮಾಡಿದ್ದರು. ಹಣ ಬಂದಿದೆಯಂತೆ. ಅವರ ಪಿಕಪ್ ಕೆಟ್ಟು ನಿಂತಿದೆ, ಗುರುವಾರ ನೀವೇ ಬಂದು ನನ್ನನ್ನು ಕರೆದುಕೊಂಡು ಹೋಗಿ, ಮಾದಬಾದ ವಾಹನ ಕಚೇರಿಯಲ್ಲೇ ಹೆಸರು ವರ್ಗ ಮಾಡಿಸೋಣ ಅಂದರು. ಇವರು ಹೂಂ, ಹೂಂ ಅಂದು ಫೋನಿಟ್ಟು, ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಸಂಜೆ ಷೂ ಹಾಕಿಕೊಳ್ಳಲಿಲ್ಲ. ನಾನೂ ಕರೆಯಲಿಲ್ಲ.

ಕಾರು ತೊಳೆದೆ. ಸೀಟಿನ ಸಂದಿಯಲ್ಲಿ ಅಜ್ಲೂನಿನ ಅಂಜೂರದ ಎಲೆ ಒಣಗಿ ಸಿಕ್ಕಿತು. ಒರೆಸುತ್ತಿರುವಾಗ ಕೀಲಿ ಎಲ್ಲಿ ಅಂತ ಹುಡುಕಿದೆ, ಊಟದ ಮೇಜಿನ ಮೇಲಿತ್ತು. ಬೇಳೆ ಡಬ್ಬಿಯಲ್ಲಿಡುವುದನ್ನು ಯಾವಾಗ ಬಿಟ್ಟೆ ಅಂತಲೇ ನೆನಪಿಲ್ಲ, ಎರಡು ವಾರವಾಗಿರಬೇಕು. ಇವರ ಕೈಗೆಟಕುವ ಹಾಗೇ ಬಿದ್ದಿತ್ತು, ಒಮ್ಮೆಯೂ ಮುಟ್ಟಿಲ್ಲ. ಮಾರುವುದಕ್ಕೆ ಇದ್ದ ಕಾರಣವೇ ಹೋಯಿತಲ್ಲ.

ಹೋಗಿ ಮಂಚದ ತುದಿಯಲ್ಲಿ ಕೂತೆ. "ಬೇಡ ಅಂತ ಫೋನ್ ಮಾಡಿ ಹೇಳ್ಬಿಡೋಣ್ವಾ?" ಅಂದೆ.

"ಅರವತ್ತಾರು ವರ್ಷಕ್ಕೆ ಮಾತು ಮುರಿಯೋದು ಕಲೀಲಾ?" ಅಂದರು. ಆಮೇಲೆ ನನ್ನ ಕಡೆ ಹೊರಳಿ, "ಏನು ಅಂತ ಮೊದಲೇ ಕೇಳಬೇಕಿತ್ತು ಕಣೇ," ಅಂದರು.

ನನಗೆ ಅಳು ಬಂತು. ಇವರನ್ನು ನೋಡಿ ಬಂದದ್ದು, ಕಾರಿಗಾಗಿ ಅಲ್ಲ.

ಆಗಸ್ಟ್ 31, ಗುರುವಾರ

ಇದನ್ನು ನಿಧಾನವಾಗಿ ಬರೆಯುತ್ತೇನೆ, ಮರೆಯಬಾರದು.

ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು, ಮೈಯ್ಯತ್ತಿಗೆ, ಸಾವಿನ ಮನೆಗೆ, ಹೋಗುವವರ ಹಾಗೆ. ದಾರಿಯುದ್ದಕ್ಕೂ ಇವತ್ತು ಪಾಠವಿಲ್ಲ. ಅಬೂ ಫವ್ವಾಜ್ ಬಾಗಿಲಿಗೇ ಬಂದು ಕೈಹಿಡಿದು ಒಳಗೆ ಕರೆದೊಯ್ದರು. ಅವರ ತಾಯಿ, ತಮ್ಮಂದಿರು, ಒಬ್ಬಿಬ್ಬರು ನೆಂಟರು ಕೂತಿದ್ದರು. ಹಜ್ಜಾ, ಅಂದರೆ ಅವರ ತಾಯಿ, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ನೀನೇ ಓಡಿಸ್ಕೊಂಡು ಬಂದ್ಯಾ ತಾಯಿ? ಅಮ್ಮಾನಿಂದ?" ಅಂತ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

ತಮ್ಮಂದಿರಲ್ಲೊಬ್ಬ ಕಾಫಿ ಹಂಚಿದ. ಬಟ್ಟಲು ನನ್ನ ಕೈಗೆ ಬಂತು. ಬೆಳಿಗ್ಗೆಯಿಂದ ಯೋಚಿಸಿದ್ದೆ ಅಂತ ಬರೆದರೆ ಸುಳ್ಳು. ಬಿಸಿ ಬಟ್ಟಲು ಬೆರಳಿಗೆ ತಾಗಿದಾಗಲೇ ಹೊಳೆದದ್ದು. ಬಗ್ಗಿ ಅದನ್ನು ನೆಲದ ಮೇಲೆ ಇಟ್ಟೆ.

ಮಾತುಗಳೆಲ್ಲ ಒಮ್ಮೆಗೇ ನಿಂತವು. ಹೆಂಗಸು ಬಟ್ಟಲು ಇಟ್ಟಿದ್ದನ್ನು ಅವರಾರೂ ನೋಡಿರಲಿಕ್ಕಿಲ್ಲ, ನಾನೂ ನೋಡಿಲ್ಲ.

"ಯಾಕೆ ಎಲ್ಲ ಸುಮ್ಮನಾದ್ರಿ?" ಅಂತ ಇವರು ಕೇಳಿದರು.

"ನಿನ್ನ ಹೆಂಡ್ತಿ ಬಟ್ಟಲು ಕೆಳಗಿಟ್ಟಿದಾಳೆ ಕಣಪ್ಪ," ಅಂದರು ಹಜ್ಜಾ.

ಇವರು ತಮ್ಮ ಬಟ್ಟಲನ್ನೂ ಹಿಡಿದು, ಇನ್ನೊಂದು ಕೈಯಿಂದ ನೆಲ ತಡವಿ, ನನ್ನ ಬಟ್ಟಲು ಸಿಕ್ಕಿದ ಮೇಲೆ ಅದರ ಪಕ್ಕದಲ್ಲೇ ಇಟ್ಟರು. ನಾನು ಏನು ಕೇಳುತ್ತೇನೆ ಅಂತ ಇವರಿಗೂ ನಾನು ಹೇಳಿರಲಿಲ್ಲ.

ಅಬೂ ಫವ್ವಾಜ್ ತಾಯಿಯ ಮುಖ ನೋಡಿದರು, ನೆಂಟರ ಮುಖ ನೋಡಿದರು. ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಕುಡೀರಿ ಉಮ್ಮು ಶಿಹಾಬ್. ನೀವು ಬಂದ ಕೆಲಸ ಆಯ್ತು ಅಂತ ತಿಳ್ಕೊಳ್ಳಿ."

ಏನು ಅಂತ ಕೇಳಲಿಲ್ಲ. ಇವರೂ ಕೇಳಲಿಲ್ಲ. ದೇವರು ಈ ಗಂಡಸರನ್ನು ಒಂದೇ ಅಚ್ಚಿನಲ್ಲಿ ಹೊಯ್ದಿದ್ದಾನೆ.

ನಾನು ಬಟ್ಟಲು ತೆಗೆದುಕೊಂಡು ತಳದವರೆಗೂ ಕುಡಿದೆ, ಅವರು ನಮ್ಮ ಮನೆಯಲ್ಲಿ ಕುಡಿದಷ್ಟೇ ನಿಧಾನವಾಗಿ. ಬಾಯಿ ಒರೆಸಿಕೊಂಡೆ. "ಆವತ್ತು ನಮ್ಮವರು ಕೊಟ್ಟ ಮಾತನ್ನ ನಮಗೆ ವಾಪಸ್ ಕೊಡಿ. ಕಾರು ನಮಗೆ ಬೇಕು," ಅಂದೆ.

ಅಬೂ ಫವ್ವಾಜ್ ಮುಖ ಕೆಂಪಾಯಿತು. ಹಣದ ಲಕೋಟೆ ಅವರ ಜೇಬಿನಿಂದ ಇಣುಕುತ್ತಿತ್ತು. ಮೊದಲು ನಕ್ಕವರು ಹಜ್ಜಾ, ಭುಜ ಕುಲುಕುವ ಹಾಗೆ.

"ಬಟ್ಟಲು ಇಟ್ಟು ಕಾರು ಗೆದ್ದೆ ಅಂತ ತಿಂಗಳಿಡೀ ಊರೆಲ್ಲ ಹೇಳ್ಕೊಂಡು ತಿರುಗಿದ್ಯಲ್ಲ ಮಗನೇ. ಈಗ ಹೇಳ್ಕೋ."

"ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದೆ," ಅಂದರು ಅಬೂ ಫವ್ವಾಜ್. "ನನ್ನ ಬಂದೂಕನ್ನೇ ಕಿತ್ಕೊಂಡು ನನ್ನ ಕಡೆಗೆ ಹಿಡಿದೋರು ಇವರೊಬ್ರೇ." ಮೀಸೆಯ ಕೆಳಗೆ ನಗು ಬಂತು, ಪೂರ್ತಿಯಲ್ಲ, ಅರ್ಧ. "ಕಾರು ನಿಮ್ಮದೇ. ಆದ್ರೆ ಒಂದು. ಊಟ ಮಾಡದೆ ಹೋಗೋ ಹಾಗಿಲ್ಲ."

ಕುರಿ ಬೆಂದಿತ್ತು, ಮೊಸರಿನ ಸಾರು ಕುದಿಯುತ್ತಿತ್ತು. ಹಣ ಕೊಟ್ಟು ಕಾರು ತರುವ ಖುಷಿಗೆ ಮಾಡಿಸಿದ್ದಂತೆ. ಅವರೇ ಕೈಯಾರೆ ಮಾಂಸ ಹರಿದು ಇವರ ಮುಂದೆ ಇಟ್ಟರು. ನನಗೆ ನಾಚಿಕೆಯಾಯಿತು. ಹೊರಡುವಾಗ, "ಪಿಕಪ್ ಸರಿಯಾಗೋವರೆಗೂ ಎಲ್ಲಿಗಾದ್ರೂ ಹೋಗಬೇಕು ಅಂದ್ರೆ ಫೋನ್ ಮಾಡಿ, ನಾನು ಬರ್ತೀನಿ," ಅಂದೆ. ಬಾಯಿಮಾತಿಗೆ ಅಂದದ್ದಲ್ಲ.

ಸೆಪ್ಟೆಂಬರ್ 2, ಶನಿವಾರ

ಅಬೂ ಫವ್ವಾಜ್ ಬೆಳಿಗ್ಗೆಯೇ ಫೋನ್ ಮಾಡಿದರು. ಹಜ್ಜಾಗೆ ಸಾಲ್ಟ್‌ ಊರಿನಲ್ಲಿರುವ ತಂಗಿಯನ್ನು ನೋಡಬೇಕಂತೆ, "ಆ ಹೆಂಗಸೇ ಓಡಿಸಿದ್ರೆ ಮಾತ್ರ ಬರ್ತೀನಿ" ಅಂತ ಹಟವಂತೆ. ಹೋಗಿ ಕರೆದುಕೊಂಡು ಬಂದು ಬಿಟ್ಟೆವು. ಹತ್ತು ನಿಮಿಷವಾದ ಮೇಲೆ ಹಜ್ಜಾ, "ಈ ತಣ್ಣಗಿನ ಗಾಳಿ ನಿಂತಿದ್ದು ಒಳ್ಳೇದಾಯ್ತು, ಮಂಡಿ ಹಿಡ್ಕೊಂಡಿತ್ತು," ಅಂದರು. ಇಂಥ ಗಿರಾಕಿ ನಮಗೆ ಜುಲೈನಲ್ಲಿ ಸಿಗಲಿಲ್ಲ.

ಅವರನ್ನು ಮನೆಗೆ ಬಿಟ್ಟು ವಾಪಸ್ ಬರುವಾಗ ನಾವಿಬ್ಬರೇ. ಕಿಟಕಿಗಳೆಲ್ಲ ತೆಗೆದಿದ್ದವು.

"ನಿಮಗೋಸ್ಕರ ಉಳಿಸ್ಕೊಂಡೆ ಈ ಕಾರನ್ನ, ಗೊತ್ತಾಯ್ತಾ?" ಅಂದೆ.

"ಹೂಂ," ಅಂದರು.

"ಇನ್ನು ಗೋಡೆ ಕಡೆ ಮುಖ ಮಾಡಿ ಮಲಗಿದ್ರೆ ನೋಡಿ."

"ಹೂಂ." ಕಿಟಕಿಯ ಗಾಳಿಗೆ ಮುಖ ಒಡ್ಡಿದರು. ಆಮೇಲೆ, "ಯಾಕೆ ನಿಲ್ಲಿಸ್ದೆ? ಹಾಡ್ತಿದ್ದೆಯಲ್ಲ," ಅಂದರು.

"ನಾನೆಲ್ಲಿ ಹಾಡಿದೆ? ಎಷ್ಟು ಸಲ ಹೇಳೋದು, ಅದು ಹಿಂದಿನ ಫ್ಯಾನು."

"ಸರಿ," ಅಂದರು ಇವರು, ಕಿಟಕಿಗೆ ಮೊಣಕೈ ಊರಿ ಕಣ್ಣು ಮುಚ್ಚಿಕೊಂಡು. "ಫ್ಯಾನಿಗೆ ಹೇಳು, ಎರಡನೇ ಚರಣ ಮರೆತಿದ್ರೆ ನಾನು ಹೇಳಿಕೊಡ್ತೀನಿ."